ಹೈಡ್ರೇಂಜಿಯ ಗಿಡಕ್ಕೆ ಕತ್ತರಿ ಹಾಕುವುದು ಯಾವಾಗ, ಎಲ್ಲಿ?

ಮಡಿಕೇರಿ, ಮೂಡಿಗೆರೆ, ಸಕಲೇಶಪುರದ ಕಡೆ ಹಳೆಯ ತೋಟದ ಮನೆಗಳ ಅಂಗಳದಲ್ಲಿ ಹೈಡ್ರೇಂಜಿಯ ಕಾಣಸಿಗುತ್ತದೆ. ಸೊಂಟದಿಂದ ಎದೆಮಟ್ಟದ ಪೊದೆ, ಅಂಗೈ ಅಗಲದ ಎಲೆ, ಮೇಲೆ ತೆಂಗಿನಕಾಯಿ ಗಾತ್ರದ ನೀಲಿ ಹೂಗೊಂಚಲು. ಯಾರೂ ಜಾಸ್ತಿ ಆರೈಕೆ ಮಾಡಿರುವುದಿಲ್ಲ, ಆದರೂ ಹೂ ಬಿಡುತ್ತದೆ. ಇನ್ನೊಂದು ಕಡೆ, ಹೊತ್ತು ಹೊತ್ತಿಗೆ ಗೊಬ್ಬರ ಕೊಟ್ಟು, ಪ್ರತಿ ವರ್ಷ ನೀಟಾಗಿ ಕತ್ತರಿಸಿ ಗುಂಡಗೆ ಇಟ್ಟುಕೊಂಡ ಗಿಡದಲ್ಲಿ ಬರೀ ಎಲೆ. "ಗಿಡ ಚೆನ್ನಾಗೇ ಇದೆ, ಹೂ ಮಾತ್ರ ಬರ್ತಾ ಇಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ, ಕಳೆದ ಸಲ ಯಾವ ತಿಂಗಳಲ್ಲಿ ಕತ್ತರಿಸಿದಿರಿ ಅನ್ನುವುದು. ಎಷ್ಟೋ ಸಲ ಈ ವರ್ಷದ ಹೂವನ್ನು ಕಳೆದ ವರ್ಷವೇ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿರುತ್ತಾರೆ.

ಕೆಲಸ ಕಷ್ಟದ್ದಲ್ಲ. ಮೊಗ್ಗು ಎಲ್ಲಿ ಕೂತಿರುತ್ತದೆ ಅಂತ ತಿಳಿದರೆ ಉಳಿದದ್ದೆಲ್ಲ ತಾನಾಗೇ ಬರುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಮೊಗ್ಗನ್ನು ಗುರುತು ಹಿಡಿಯಿರಿ

ನಮ್ಮಲ್ಲಿ ಬೆಳೆಯುವುದು ಬಹುಪಾಲು ಹೈಡ್ರೇಂಜಿಯ ಮ್ಯಾಕ್ರೊಫಿಲ್ಲ ಅನ್ನುವ ಜಾತಿ. ಮೂಲತಃ ಜಪಾನಿನ ಕರಾವಳಿಯ ಗಿಡ. ಇದು ಹೂ ಬಿಡುವುದು ಹಳೆ ಕಡ್ಡಿಯ ಮೇಲೆ. ಈ ವರ್ಷ ಬೆಳೆದ ಕಡ್ಡಿಯ ತುದಿಯಲ್ಲೂ ತುದಿಗೆ ಹತ್ತಿರದ ಗೆಣ್ಣುಗಳಲ್ಲೂ ಹೂಮೊಗ್ಗು ಒಳಗೊಳಗೇ ತಯಾರಾಗಿ ಕೂತಿರುತ್ತದೆ. ಅದು ಅರಳಿ ಹೊರಗೆ ಬರುವುದು ಮುಂದಿನ ಹಂಗಾಮಿಗೆ. ನಡುವೆ ಯಾರಾದರೂ ಆ ಕಡ್ಡಿಯ ತಲೆ ಹಾರಿಸಿದರೆ ಗಿಡ ಸಾಯುವುದಿಲ್ಲ, ಬೇಕಾದಷ್ಟು ಚಿಗುರುತ್ತದೆ. ಆದರೆ ಆ ಚಿಗುರಿನಲ್ಲಿ ಹೂ ನೋಡಲು ಇನ್ನೊಂದು ವರ್ಷ ಕಾಯಬೇಕು.

ಮೊಗ್ಗು ಕಟ್ಟಬೇಕಾದರೆ ತಂಪು ಬೇಕು. ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಕೆಲವು ವಾರ ಸಿಕ್ಕರೆ ಕಡ್ಡಿಯ ತುದಿ ಎಲೆ ಮಾಡುವುದನ್ನು ಬಿಟ್ಟು ಹೂ ಮಾಡಲು ಹೊರಡುತ್ತದೆ. ಊಟಿ, ಮಡಿಕೇರಿ, ಕೆಮ್ಮಣ್ಣುಗುಂಡಿಯಂಥ ಎತ್ತರದ ಜಾಗಗಳಲ್ಲಿ ಇದು ಸುಲಭಕ್ಕೆ ಹೂ ಬಿಡುವುದಕ್ಕೂ, ರಾಯಚೂರು, ಬಳ್ಳಾರಿಯಲ್ಲಿ ಬರೀ ಎಲೆಗಿಡವಾಗಿ ಒದ್ದಾಡುವುದಕ್ಕೂ ಇದೇ ಕಾರಣ.

ಹೂಮೊಗ್ಗು ಯಾವುದು, ಎಲೆಮೊಗ್ಗು ಯಾವುದು ಅಂತ ಕಣ್ಣಲ್ಲೇ ಹೇಳಬಹುದು. ಗೆಣ್ಣಿನ ಎರಡೂ ಪಕ್ಕ ಜೋಡಿಯಾಗಿ ಮೊಗ್ಗು ಇರುತ್ತವೆ. ತೆಳ್ಳಗೆ, ಚೂಪಾಗಿ, ಕಡ್ಡಿಗೆ ಅಂಟಿಕೊಂಡಂತೆ ಇದ್ದರೆ ಎಲೆಮೊಗ್ಗು. ದಪ್ಪಗೆ ಉಬ್ಬಿಕೊಂಡು ಕಡ್ಡಿಯ ತುದಿಯ ಹತ್ತಿರ ಇದ್ದರೆ ಅದು ಹೂವಾಗುವ ಮೊಗ್ಗು ಇರಬಹುದು. ಕತ್ತರಿ ಹಿಡಿಯುವ ಮೊದಲು ಒಂದೆರಡು ಕಡ್ಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಅನುಮಾನ ಬಂದರೆ ಆ ಕಡ್ಡಿಯನ್ನು ಬಿಟ್ಟುಬಿಡಿ. ಹೈಡ್ರೇಂಜಿಯ ವಿಷಯದಲ್ಲಿ ಸೋಮಾರಿಗಳಿಗೇ ಹೂ ಜಾಸ್ತಿ.

ಯಾರ ಕ್ಯಾಲೆಂಡರ್ ನೋಡಬೇಕು

ಇಲ್ಲಿ ಬಹಳ ಜನ ಎರಡು ಕಡೆ ಎಡವುತ್ತಾರೆ.

ಒಂದು, ಗುಲಾಬಿಯ ಲೆಕ್ಕ. ಬೆಂಗಳೂರು ಸುತ್ತಮುತ್ತ ಗುಲಾಬಿಯನ್ನು ಅಕ್ಟೋಬರ್‌ನಲ್ಲಿ ಸವರುವುದು ರೂಢಿ. ಗುಲಾಬಿ ಹೂ ಬಿಡುವುದು ಹೊಸ ಚಿಗುರಲ್ಲಿ, ಆದ್ದರಿಂದ ಅದಕ್ಕೆ ಸರಿ. ಕತ್ತರಿ ಹೇಗೂ ಕೈಯಲ್ಲಿದೆ ಅಂತ ಪಕ್ಕದ ಹೈಡ್ರೇಂಜಿಯಕ್ಕೂ ಒಂದು ಕೈ ಹಾಕಿದರೆ ಕೆಲಸ ಕೆಟ್ಟಂತೆ.

ಎರಡು, ಇಂಗ್ಲೆಂಡ್, ಅಮೆರಿಕದ ತೋಟಗಾರರ ವಿಡಿಯೊಗಳು. ಒಣಗಿದ ಹೂವನ್ನು ಚಳಿಗಾಲ ಪೂರ್ತಿ ಗಿಡದ ಮೇಲೇ ಬಿಡಿ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ತೆಗೆಯಿರಿ ಅಂತ ಅವರು ಹೇಳುತ್ತಾರೆ. ಅವರಿಗೆ ಅದು ಸರಿಯೇ. ಅಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ, ಒಣಗಿದ ಹೂವಿನ ಗೊಂಚಲು ಕೆಳಗಿನ ಮೊಗ್ಗಿಗೆ ಹೊದಿಕೆಯಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಅಂಥ ಚಳಿ ಇಲ್ಲ, ಇರುವುದು ಮಳೆ. ಹಳೆ ಹೂವನ್ನು ಹಾಗೇ ಬಿಟ್ಟರೆ ನೀರು ಹೀರಿಕೊಂಡು ಭಾರವಾಗಿ ಕಡ್ಡಿ ಬಾಗುತ್ತದೆ, ಬೂಷ್ಟು ಹಿಡಿದು ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ. ಊಟಿಯಲ್ಲಿ ಮಾತ್ರ ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಅಲ್ಲಿ ತಗ್ಗಿನ ಜಾಗದಲ್ಲಿ ಗಿಡ ಇದ್ದರೆ ಕೊನೆಯ ಹೂಗಳನ್ನು ಹಾಗೇ ಬಿಡುವುದರಲ್ಲಿ ಅರ್ಥ ಇದೆ.

ನನ್ನ ಕೇಳಿದರೆ ನಮಗೆ ಹತ್ತಿರದ ಲೆಕ್ಕ ಜಪಾನಿನದು. ಅಲ್ಲೂ ಜೂನ್ ಅಂದರೆ ಮಳೆ, ಹೈಡ್ರೇಂಜಿಯ ಅಂದರೆ ಮಳೆಗಾಲದ ಹೂ. ಕಾಮಾಕುರಾ ಊರಿನ ಮೇಗೆತ್ಸು-ಇನ್ ದೇವಾಲಯಕ್ಕೆ ಜೂನ್ ತಿಂಗಳಲ್ಲಿ ಜನ ಕೊಡೆ ಹಿಡಿದು ಸಾಲು ನಿಲ್ಲುವುದೇ ಈ ನೀಲಿ ಹೂ ನೋಡಲು. ಅಲ್ಲಿನ ತೋಟಗಾರರು ಹೂವಿನ ಸಂಭ್ರಮ ಮುಗಿದ ಕೂಡಲೇ, ಜುಲೈ ಮುಗಿಯುವುದರೊಳಗೆ ಕತ್ತರಿಸಿ ಮುಗಿಸಲು ನೋಡುತ್ತಾರೆ. ಶರತ್ಕಾಲದ ತಂಪು ಬಂದು ಹೊಸ ಮೊಗ್ಗು ಕಟ್ಟುವ ಮೊದಲು ಚಿಗುರಿಗೆ ಬೆಳೆಯಲು ಸಮಯ ಸಿಗಬೇಕು, ಅಷ್ಟೇ.

ಇದನ್ನು ಮಲೆನಾಡಿಗೆ ಹೊಂದಿಸಿದರೆ ಹೀಗಾಗುತ್ತದೆ. ಇಲ್ಲಿ ಹೂ ಸಾಮಾನ್ಯವಾಗಿ ಬೇಸಿಗೆ ಕೊನೆಯಿಂದ ಮಳೆಗಾಲದುದ್ದಕ್ಕೂ ಇರುತ್ತದೆ. ಜುಲೈನ ಧಾರಾಕಾರ ಮಳೆಯಲ್ಲಿ ಗಿಡಕ್ಕೆ ಗಾಯ ಮಾಡುವುದು ಬೇಡ, ಕತ್ತರಿಸಿದ ಜಾಗ ಒಣಗದೆ ಕೊಳೆ ಹಿಡಿಯುತ್ತದೆ. ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಅಂದರೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಉಳಿದ ಕಡೆ ಗೌರಿ ಗಣೇಶನ ಹೊತ್ತಿಗೆ ಸವರಲು ಶುರು ಮಾಡಿ. ಸೆಪ್ಟೆಂಬರ್ ಮುಗಿಯುವುದರೊಳಗೆ ಮುಗಿಸಿ. ಆಯುಧಪೂಜೆಗೆ ಕತ್ತರಿ ತೊಳೆದು ಕುಂಕುಮ ಇಟ್ಟ ಮೇಲೆ ಅದನ್ನು ಈ ಗಿಡದ ಹತ್ತಿರ ತರಬೇಡಿ, ಪೂರ್ತಿ ಒಣಗಿದ ಕಡ್ಡಿ ತೆಗೆಯಲು ಬಿಟ್ಟರೆ.

ಒಂದು ಎಚ್ಚರಿಕೆ. ಮಡಿಕೇರಿಯಂಥ ಊರಲ್ಲಿ ಜುಲೈ, ಆಗಸ್ಟ್ ಕೂಡ ತಂಪೇ. ಹಾಗಾಗಿ ಎಲ್ಲ ಕಡ್ಡಿಗಳೂ ಒಂದೇ ಸಮಯಕ್ಕೆ ಮೊಗ್ಗು ಕಟ್ಟುತ್ತವೆ ಅಂತ ಹೇಳಲಾಗದು. ಒಂದು ಕಡ್ಡಿಯಲ್ಲಿ ಹೂ ಬಾಡುತ್ತಿರುವಾಗ ಪಕ್ಕದ್ದರಲ್ಲಿ ಹೊಸ ಮೊಗ್ಗು ಉಬ್ಬುತ್ತಿರಬಹುದು. ಅದಕ್ಕೇ ಬೇಲಿ ಕತ್ತರಿಸುವ ದೊಡ್ಡ ಕತ್ತರಿಯಲ್ಲಿ ಇಡೀ ಪೊದೆಯನ್ನು ಒಂದೇ ಮಟ್ಟಕ್ಕೆ ಬೋಳಿಸುವುದು ಬೇಡವೇ ಬೇಡ. ಒಂದೊಂದೇ ಕಡ್ಡಿ ನೋಡಿ ಕತ್ತರಿಸಬೇಕು.

ಬೇಕಾಗುವ ಸಾಮಾನು

ಒಂದು ಒಳ್ಳೆಯ ಸಿಕೇಚರ್, ಅಂದರೆ ಗಿಡ ಸವರುವ ಕೈಕತ್ತರಿ. ಗೊಬ್ಬರದ ಅಂಗಡಿಯಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಎರಡು ಅಲಗು ಒಂದರ ಪಕ್ಕ ಒಂದು ಜಾರಿ ಹೋಗುವಂಥದ್ದನ್ನೇ ತೆಗೆದುಕೊಳ್ಳಿ, ಅದು ಹಸಿ ಕಡ್ಡಿಯನ್ನು ಜಜ್ಜುವುದಿಲ್ಲ. ಹೆಬ್ಬೆರಳಿಗಿಂತ ದಪ್ಪದ ಮುದಿ ಕಾಂಡಕ್ಕೆ ಸಣ್ಣ ಗರಗಸ. ಅಲಗು ಒರೆಸಲು ಸ್ಪಿರಿಟ್ ಮತ್ತು ಬಟ್ಟೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಒರೆಸಿಕೊಂಡರೆ ಕೊಳೆರೋಗ ಹರಡುವುದಿಲ್ಲ. ಕೆಲವರಿಗೆ ಈ ಗಿಡದ ರಸ ತಾಗಿದರೆ ತುರಿಕೆ ಬರುತ್ತದೆ, ಕೈಗವಸು ಹಾಕಿಕೊಳ್ಳಿ.

ಬಾಡಿದ ಹೂ ತೆಗೆಯುವುದು

ಬಾಡಿದ ಹೂ ತೆಗೆದರೆ ಬೀಜಕ್ಕೆ ಹೋಗುವ ಶಕ್ತಿ ಉಳಿದು ಇನ್ನಷ್ಟು ಹೂ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗುಲಾಬಿ, ಜೀನಿಯಾ, ಚೆಂಡುಹೂವಿಗೆ ಈ ಮಾತು ನಿಜ. ಗುಂಡು ಗೊಂಚಲಿನ ಹೈಡ್ರೇಂಜಿಯಕ್ಕೆ ಅಷ್ಟಾಗಿ ಹೊಂದುವುದಿಲ್ಲ. ನಾವು ಎಸಳು ಅಂದುಕೊಳ್ಳುವುದು ನಿಜವಾಗಿ ಎಸಳೇ ಅಲ್ಲ, ಪುಷ್ಪಪತ್ರ, ಅಂದರೆ ಹೂವಿನ ಹೊರಸುತ್ತಿನ ಎಲೆಯಂಥ ಭಾಗ. ಆ ಗೊಂಚಲಿನ ಹೂಗಳಲ್ಲಿ ಬಹುಪಾಲು ಬೀಜ ಕಟ್ಟದವು. ಅದಕ್ಕೇ ಅವು ಉದುರುವುದಿಲ್ಲ. ನೀಲಿ ಹೋಗಿ ಹಸಿರಾಗಿ, ಆಮೇಲೆ ತಾಮ್ರದ ಬಣ್ಣಕ್ಕೆ ತಿರುಗಿ ತಿಂಗಳುಗಟ್ಟಲೆ ನಿಲ್ಲುತ್ತವೆ.

ಹಾಗಾದರೆ ತೆಗೆಯುವುದೇಕೆ? ಮೇಲೆ ಹೇಳಿದ ಹಾಗೆ ಮಳೆಯಲ್ಲಿ ಕೊಳೆಯದಿರಲು, ಕಡ್ಡಿ ಬಾಗದಿರಲು, ಕೆಳಗಿನ ಮೊಗ್ಗಿಗೆ ಬೆಳಕು ಬೀಳಲು. ನೋಡಲು ಚೆಂದ ಕಾಣಲು ಕೂಡ. ಆದರೆ ಹೂ ತೆಗೆದ ಮಾತ್ರಕ್ಕೆ ಮತ್ತೆ ಹೂ ಬಂದೇ ಬರುತ್ತದೆ ಅಂತ ಕಾಯಬೇಡಿ.

ತೆಗೆಯುವ ಕ್ರಮ ಹೀಗೆ:

1. ಹೂಗೊಂಚಲಿನಿಂದ ಕಡ್ಡಿಯ ಗುಂಟ ಕೆಳಗೆ ಬನ್ನಿ. ಮೊದಲು ಸಿಗುವ ಒಂದು ಜೋಡಿ ಎಲೆ ಚಿಕ್ಕದಾಗಿರುತ್ತದೆ, ಅದರ ಕಂಕುಳಲ್ಲಿ ಹೇಳಿಕೊಳ್ಳುವಂಥ ಮೊಗ್ಗು ಇರುವುದಿಲ್ಲ. ಅದನ್ನು ದಾಟಿ.

2. ಅದರ ಕೆಳಗೆ ದೊಡ್ಡ ಎಲೆಗಳ ಜೋಡಿ, ಕಂಕುಳಲ್ಲಿ ಎರಡು ಗಟ್ಟಿ ಮೊಗ್ಗು. ಆ ಮೊಗ್ಗಿನ ಮೇಲೆ ಸುಮಾರು ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ತೀರಾ ಹತ್ತಿರ ಕತ್ತರಿಸಿದರೆ ಮೊಗ್ಗು ಒಣಗುತ್ತದೆ. ಉದ್ದ ಬಿಟ್ಟರೆ ಆ ತುಂಡು ಸತ್ತು ಕೊಳೆ ಕೆಳಗಿಳಿಯುತ್ತದೆ.

3. ಎಲೆಗಳು ಜೋಡಿಯಾಗಿ ಇರುವುದರಿಂದ ಓರೆಯಾಗಿ ಕತ್ತರಿಸಿದರೆ ಒಂದು ಬದಿಯ ಮೊಗ್ಗಿಗೆ ಏಟು ಬೀಳಬಹುದು. ನೇರವಾಗೇ ಕತ್ತರಿಸಿ.

4. ಕೆಳಗೆ ಬಿದ್ದ ಹೂ, ಎಲೆ ಎಲ್ಲ ಆರಿಸಿ ತೆಗೆಯಿರಿ. ಬೂಷ್ಟು ಹಿಡಿದದ್ದು ಗಿಡದ ಬುಡದಲ್ಲಿ ಬೇಡ.

ಮಳೆಗಾಲದ ನಡುವೆ ಗೊಂಚಲು ಕೊಳೆಯಲು ಶುರುವಾದರೆ ಸೆಪ್ಟೆಂಬರ್‌ವರೆಗೆ ಕಾಯಬೇಕಾಗಿಲ್ಲ. ಮಳೆ ನಿಂತ ಒಂದು ಬೆಳಗ್ಗೆ ಬರೀ ಹೂವಿನ ತಲೆಯನ್ನಷ್ಟೇ, ತೊಟ್ಟಿನ ಹತ್ತಿರ ಚಿವುಟಿ ಹಾಕಿ. ಕಡ್ಡಿಯ ಕೆಲಸ ಆಮೇಲೆ ನೋಡಿಕೊಳ್ಳಬಹುದು.

ನಡುವೆ ಚಪ್ಪಟೆಯಾಗಿ ಸಣ್ಣ ಸಣ್ಣ ಹೂ, ಸುತ್ತ ಮಾತ್ರ ದೊಡ್ಡ ಹೂ ಇರುವ ಬಗೆ ಕೂಡ ಇದೆ. ಅದು ಇದೇ ಜಾತಿ, ಕ್ರಮವೂ ಇದೇ. ನಡುವಿನ ಸಣ್ಣ ಹೂಗಳು ಬೀಜ ಕಟ್ಟುವಂಥವು, ಜೇನುನೊಣಕ್ಕೂ ಅವೇ ಇಷ್ಟ. ಅವು ಅರಳಿ ಮುಗಿಯುವ ತನಕ ಬಿಡಿ.

ಸವರುವುದು

ಕಾಫಿ ತೋಟದವರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಕಾಫಿ ಗಿಡದಲ್ಲಿ ಸತ್ತ ರೆಂಬೆ, ಅಡ್ಡ ರೆಂಬೆ, ಬೇಡದ ಚಿಗುರು ತೆಗೆಯುವ ಕಣ್ಣೇ ಇಲ್ಲೂ ಬೇಕು. ಅನುಕ್ರಮ ಮುಖ್ಯ.

ಮೊದಲು ಸತ್ತದ್ದು. ಉಗುರಲ್ಲಿ ಕಡ್ಡಿಯ ಸಿಪ್ಪೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದು ಬಣ್ಣ, ಒಳಗೆ ಪೊಳ್ಳು ಅಂದರೆ ಬುಡದಿಂದಲೇ ತೆಗೆಯಿರಿ. ಇದನ್ನು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಮಾಡಬಹುದು.

ಆಮೇಲೆ ಪೆನ್ಸಿಲ್‌ಗಿಂತ ತೆಳ್ಳಗಿನ, ನೆಲಕ್ಕೆ ಬಾಗಿದ, ಒಂದಕ್ಕೊಂದು ಉಜ್ಜಿಕೊಳ್ಳುವ ಕಡ್ಡಿಗಳು. ಇವು ಹೂಗೊಂಚಲಿನ ಭಾರ ಹೊರಲಾರವು. ಉಜ್ಜಿಕೊಳ್ಳುವ ಎರಡರಲ್ಲಿ ಗಟ್ಟಿಯಾದದ್ದನ್ನು ಉಳಿಸಿ.

ಮೂರನೆಯದು ಮುದಿ ಕಾಂಡ. ಇದೇ ಮುಖ್ಯ ಕೆಲಸ, ಜನ ಮಾಡದೇ ಬಿಡುವುದೂ ಇದನ್ನೇ. ಹೈಡ್ರೇಂಜಿಯ ಬುಡದಿಂದ ಹೊಸ ಹೊಸ ಕಡ್ಡಿ ಕಳಿಸುತ್ತಲೇ ಇರುತ್ತದೆ. ಮೂರು ನಾಲ್ಕು ವರ್ಷ ದಾಟಿದ ಕಾಂಡ ದಪ್ಪಗೆ, ಬೂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಏಳುತ್ತಾ, ತುದಿಯಲ್ಲಿ ಕವಲೊಡೆದು ಸಣ್ಣ ಸಣ್ಣ ಹೂ ಬಿಡಲು ಶುರು ಮಾಡುತ್ತದೆ. ಅಂಥವುಗಳನ್ನು ನೆಲಮಟ್ಟಕ್ಕೆ ತೆಗೆಯಬೇಕು. ಒಂದು ವರ್ಷಕ್ಕೆ ಒಟ್ಟು ಕಾಂಡಗಳಲ್ಲಿ ನಾಲ್ಕರಲ್ಲಿ ಒಂದು, ಬಹಳ ಅಂದರೆ ಮೂರರಲ್ಲಿ ಒಂದು. ಅದಕ್ಕಿಂತ ಜಾಸ್ತಿ ಬೇಡ. ಗರಗಸ ಹಿಡಿದು ಬುಡದಲ್ಲಿ ಕೂತಾಗ ಇಷ್ಟು ದಪ್ಪದ್ದನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ. ಆದರೂ ಕತ್ತರಿಸಿ. ಅಲ್ಲಿ ಬೆಳಕು ಬಿದ್ದರೆ ಬುಡದಿಂದ ಹೊಸ ಕಡ್ಡಿ ಏಳುತ್ತದೆ, ಅದರಲ್ಲೇ ಮುಂದೆ ದೊಡ್ಡ ಗೊಂಚಲು ಬರುವುದು.

ಕೊನೆಗೆ ಎತ್ತರ. ದಾರಿಗೆ ಅಡ್ಡ ಬರುತ್ತಿದೆ, ಕಿಟಕಿ ಮುಚ್ಚುತ್ತಿದೆ ಅಂದರೆ ಈ ವರ್ಷ ಹೂ ಬಿಟ್ಟ ಕಡ್ಡಿಗಳನ್ನು ಮಾತ್ರ ಎರಡು ಮೂರು ಗೆಣ್ಣು ಕೆಳಗಿಳಿಸಿ. ಈ ವರ್ಷ ಹೂ ಬಿಡದೆ ಸುಮ್ಮನೆ ಉದ್ದ ಬೆಳೆದ ಕಡ್ಡಿಗಳನ್ನು ಮುಟ್ಟಬೇಡಿ. ನೋಡಲು ಅಡ್ಡಾದಿಡ್ಡಿ ಅನಿಸಬಹುದು, ಆದರೆ ಮುಂದಿನ ಹಂಗಾಮಿನ ಹೂ ಇರುವುದು ಅವುಗಳ ತುದಿಯಲ್ಲೇ. ಪ್ರತಿ ವರ್ಷವೂ ಎತ್ತರ ಇಳಿಸಲೇಬೇಕಾದ ಪರಿಸ್ಥಿತಿ ಇದ್ದರೆ ಗಿಡ ಇರುವ ಜಾಗವೇ ತಪ್ಪು. ಬೇರೆ ಕಡೆ ನೆಡುವುದೇ ಮೇಲು.

ಹತ್ತು ಹದಿನೈದು ವರ್ಷ ಯಾರೂ ನೋಡದೆ ಕಾಡಿನಂತಾದ ಪೊದೆ ಸಿಕ್ಕರೆ ಎರಡು ದಾರಿ ಇದೆ. ಇಡೀ ಪೊದೆಯನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿದರೆ ಗಿಡ ಹೊಸದಾಗಿ ಬರುತ್ತದೆ, ಆದರೆ ಒಂದು ಹಂಗಾಮಿನ ಹೂ ಇಲ್ಲ. ಇಲ್ಲವೇ ಮೂರು ವರ್ಷಕ್ಕೆ ಹಂಚಿಕೊಂಡು, ವರ್ಷಕ್ಕೆ ಮೂರನೇ ಒಂದು ಭಾಗ ಮುದಿ ಕಾಂಡ ತೆಗೆಯುತ್ತಾ ಹೋಗಿ. ಹೂ ನಿಲ್ಲುವುದಿಲ್ಲ, ಮೂರನೇ ವರ್ಷಕ್ಕೆ ಪೊದೆ ಪೂರ್ತಿ ಹೊಸದು. ನಾನು ಎರಡನೆಯದಕ್ಕೇ ಓಟು ಹಾಕುತ್ತೇನೆ.

ಸವರಿದ ಮೇಲೆ

ಬುಡಕ್ಕೆ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಹಾಕಿ, ಮೇಲೆ ದರಗು ಹೊದಿಸಿ. ಕಾಫಿ ಸಿಪ್ಪೆ ಚೆನ್ನಾಗಿ ಕಳಿತದ್ದಿದ್ದರೆ ಅದೂ ಆಗುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಬೇರು ಮೇಲ್ಮಟ್ಟದಲ್ಲೇ ಹರಡಿರುವುದರಿಂದ ಗುದ್ದಲಿ ಹಾಕಿ ಕೆದಕುವುದು ಬೇಡ. ಯೂರಿಯಾ ಮುಟ್ಟಬೇಡಿ. ಸಾರಜನಕ ಜಾಸ್ತಿಯಾದರೆ ಎಲೆ ದಟ್ಟವಾಗಿ ಬಂದು ಹೂ ಹಿಂದೆ ಬೀಳುತ್ತದೆ.

ಬಣ್ಣದ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಸವರುವುದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿದ್ದರೆ, ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಗಿಡಕ್ಕೆ ಸಿಕ್ಕಿ ಹೂ ನೀಲಿಯಾಗುತ್ತದೆ. ಪಿಎಚ್ 6.5 ದಾಟಿದರೆ ಗುಲಾಬಿ. ಮಲೆನಾಡಿನ ಕೆಂಪು ಹುಳಿಮಣ್ಣಲ್ಲಿ ನೀಲಿ ಬರುವುದು ಅದಕ್ಕೇ. ತೋಟಕ್ಕೆ ಸುಣ್ಣ ಹಾಕುವಾಗ ಈ ಗಿಡದ ಬುಡಕ್ಕೂ ಬಿದ್ದರೆ ನೀಲಿ ಮಾಸಿ ನೇರಳೆ, ಗುಲಾಬಿ ಕಡೆ ತಿರುಗುತ್ತದೆ. ನೀಲಿ ಬೇಕೆಂದವರು ಅಲ್ಯೂಮಿನಿಯಂ ಸಲ್ಫೇಟನ್ನು ಲೀಟರ್ ನೀರಿಗೆ 4 ಗ್ರಾಂನಂತೆ ಕರಗಿಸಿ, ಮೊದಲೇ ನೀರುಂಡ ಮಣ್ಣಿಗೆ, ಹೂಮೊಗ್ಗು ಕಾಣುವ ಮುಂಚೆ ಹಾಕಬಹುದು. ಬಿಳಿ ಹೂವಿನ ಗಿಡಕ್ಕೆ ಏನು ಹಾಕಿದರೂ ನೀಲಿಯಾಗುವುದಿಲ್ಲ, ಸುಮ್ನೆ ದುಡ್ಡು ದಂಡ.

ಬೆಂಗಳೂರಿನ ಪಾಟ್‌ನಲ್ಲಿ

ನರ್ಸರಿಯಲ್ಲಿ ನಾಲ್ಕು ದೊಡ್ಡ ಗೊಂಚಲು ಇರುವ ಗಿಡ ನೋಡಿ ತಂದಿರುತ್ತೀರಿ. ಒಂದು ತಿಂಗಳು ಮನೆಗೆಲ್ಲ ಕಳೆ. ಮುಂದಿನ ವರ್ಷ ಏನೂ ಇಲ್ಲ. ತಂಪು ಜಾಗದಲ್ಲಿ ಬೆಳೆಸಿ ಮೊಗ್ಗು ಕಟ್ಟಿಸಿದ ಗಿಡ ಅದು, ನಿಮ್ಮ ಬಾಲ್ಕನಿಯಲ್ಲಿ ಅಷ್ಟು ತಂಪು ಸಿಕ್ಕಿಲ್ಲ.

ಹಾಗಂತ ಕೈಬಿಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಅದನ್ನು ಪೂರ್ತಿ ಬಳಸಿಕೊಳ್ಳಬೇಕು. ಹೂ ಹಸಿರಾಗುತ್ತಾ ಬಂದ ಕೂಡಲೇ, ಜುಲೈ ಒಳಗೆ ಅದು ಯಾವ ತಿಂಗಳೇ ಇರಲಿ, ಮೇಲೆ ಹೇಳಿದಂತೆ ಮೊದಲ ಗಟ್ಟಿ ಮೊಗ್ಗಿನ ಜೋಡಿಯ ಮೇಲೆ ಕತ್ತರಿಸಿ. ಜುಲೈ ಮುಗಿದ ಮೇಲೆ ಏನೂ ಕತ್ತರಿಸಬೇಡಿ. ಮಳೆಗಾಲದಲ್ಲಿ ಒಂದು ಸೈಜ್ ದೊಡ್ಡ ಪಾಟ್‌ಗೆ ಬದಲಿಸಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಗಿಡ ಮನೆಯೊಳಗೆ ಇರಬಾರದು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ, ರಾತ್ರಿ ತೆರೆದಿರುವ ಜಾಗ, ಸಾಧ್ಯವಾದರೆ ನೆಲದ ಮೇಲೆ. ಟೆರೇಸಿನ ಕಾಂಕ್ರೀಟು ರಾತ್ರಿಯಿಡೀ ಕಾವು ಬಿಡುತ್ತಿರುತ್ತದೆ. ಹೀಗೆ ಮಾಡಿದರೆ ಕೊಡಗಿನಷ್ಟು ಹೂ ಬರುವುದಿಲ್ಲ, ಆದರೆ ಒಂದೆರಡು ಗೊಂಚಲಿಗೆ ಆಸೆ ಇಟ್ಟುಕೊಳ್ಳಬಹುದು. ಬೋರ್‌ವೆಲ್ ನೀರು ಗಡುಸಾದ್ದರಿಂದ ಹೂ ಗುಲಾಬಿಯೇ ಆಗುವ ಸಂಭವ ಹೆಚ್ಚು, ಎಲೆಯೂ ಹಳದಿಯಾಗಬಹುದು. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಹಾಕಿ.

ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ. ಸಂಜೆ ತಾನಾಗೇ ಎದ್ದರೆ ನೀರು ಸಾಕಷ್ಟಿದೆ ಅಂತಲೇ ಅರ್ಥ. ಬೆಳಗ್ಗೆಯೂ ಜೋತಾಡುತ್ತಿದ್ದರೆ ಮಾತ್ರ ಬಾಯಾರಿಕೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ನ್ಯೂಜೆರ್ಸಿಯಲ್ಲೋ ಸಿಯಾಟಲ್‌ನಲ್ಲೋ ಲಂಡನ್ ಸುತ್ತಮುತ್ತಲೋ ಮನೆ ಕೊಂಡಾಗ ಹಿಂದಿನವರು ನೆಟ್ಟ ಹೈಡ್ರೇಂಜಿಯ ಹಿತ್ತಲಲ್ಲಿ ಸಿಗುವುದು ಸಾಮಾನ್ಯ. ಅಲ್ಲಿ ಜಾತಿಗಳು ಹಲವು, ಆದ್ದರಿಂದ ಯಾವುದು ಅಂತ ತಿಳಿಯದೆ ಕತ್ತರಿ ಎತ್ತಬೇಡಿ. ಒಂದು ವರ್ಷ ಸುಮ್ಮನೆ ನೋಡಿ.

ಹೂಗೊಂಚಲು ಗೋಪುರದಂತೆ ಮೇಲಕ್ಕೆ ಚೂಪಾಗಿದ್ದರೆ ಅದು ಪ್ಯಾನಿಕ್ಯುಲಾಟ. ಲೈಮ್‌ಲೈಟ್ ಅನ್ನುವ ತಳಿ ಇದರದ್ದೇ. ಎಲೆ ತೆಳುವಾಗಿ, ಹೂ ದೊಡ್ಡ ಬಿಳಿ ಉಂಡೆಯಾಗಿದ್ದರೆ ಆರ್ಬೊರೆಸೆನ್ಸ್, ಅದರಲ್ಲಿ ಆನಾಬೆಲ್ ಹೆಸರುವಾಸಿ. ಈ ಎರಡೂ ಹೊಸ ಕಡ್ಡಿಯಲ್ಲಿ ಹೂ ಬಿಡುವಂಥವು. ಚಳಿಗಾಲ ಮುಗಿಯುತ್ತಾ ಬಂದಾಗ, ಚಿಗುರೊಡೆಯುವ ಮೊದಲು ಧೈರ್ಯವಾಗಿ ಸವರಬಹುದು. ಪ್ಯಾನಿಕ್ಯುಲಾಟವನ್ನು ನೆಲದಿಂದ 30ರಿಂದ 60 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿ. ಜಾಸ್ತಿ ಕತ್ತರಿಸಿದಷ್ಟೂ ಗೊಂಚಲು ಕಡಿಮೆ, ಆದರೆ ಒಂದೊಂದೂ ದೊಡ್ಡದು. ಆನಾಬೆಲನ್ನು ನೆಲಮಟ್ಟಕ್ಕೆ ಬೋಳಿಸುವವರಿದ್ದಾರೆ. ಆಮೇಲೆ ಜೂನ್, ಜುಲೈನ ಮೊದಲ ಜೋರು ಮಳೆಗೆ ಎಲ್ಲ ಹೂ ನೆಲಕ್ಕೆ ಮಲಗುತ್ತವೆ. ಮೊಳಕಾಲೆತ್ತರ ಬಿಟ್ಟರೆ ಹಳೆ ಕಡ್ಡಿ ಆಸರೆಯಾಗುತ್ತದೆ.

ಎಲೆ ಓಕ್ ಎಲೆಯಂತೆ ಸೀಳಿದ್ದರೆ ಅದು ಹಳೆ ಕಡ್ಡಿಯ ಜಾತಿ, ಸತ್ತದ್ದನ್ನು ಬಿಟ್ಟರೆ ಏನೂ ತೆಗೆಯಬೇಡಿ. ಕೊಡಗಿನಲ್ಲಿರುವಂಥ ನೀಲಿ, ಗುಲಾಬಿ ಗುಂಡು ಹೂವಿನ ಗಿಡವಾದರೆ ಅಲ್ಲಿಯವರ ಮಾತು ಕೇಳಿ. ಒಣ ಹೂ ಚಳಿಗಾಲ ಪೂರ್ತಿ ಇರಲಿ, ವಸಂತದಲ್ಲಿ ಹಸಿರು ಮೊಗ್ಗು ಎಲ್ಲಿಯವರೆಗೆ ಬದುಕಿದೆ ನೋಡಿಕೊಂಡು ಅದರ ಮೇಲೆ ಕತ್ತರಿಸಿ. 2004ರಲ್ಲಿ ಮಾರುಕಟ್ಟೆಗೆ ಬಂದ ಎಂಡ್‌ಲೆಸ್ ಸಮ್ಮರ್‌ನಂಥ ತಳಿಗಳು ಹಳೆ ಕಡ್ಡಿಯಲ್ಲೂ ಹೊಸ ಕಡ್ಡಿಯಲ್ಲೂ ಹೂ ಬಿಡುತ್ತವೆ. ಬಾಡಿದ ಹೂ ಬೇಗ ತೆಗೆದರೆ ನಿಜವಾಗಿ ಲಾಭ ಇರುವುದು ಇವುಗಳಲ್ಲೇ, ಎರಡನೇ ಸುತ್ತಿನ ಹೂ ಸ್ವಲ್ಪ ಮುಂಚೆ ಬರುತ್ತದೆ.

ಕತ್ತರಿಸಿದ್ದನ್ನು ಏನು ಮಾಡಬೇಕು

ಮೊದಲನೆಯದು, ದನ ಕರು, ಆಡು, ನಾಯಿಗೆ ಸಿಗದಂತೆ ಇಡಿ. ಈ ಗಿಡದ ಎಲೆ, ಮೊಗ್ಗು, ಹೂವಿನಲ್ಲಿ ಹೊಟ್ಟೆಗೆ ಹೋದರೆ ಸಯನೈಡ್ ಬಿಡುವ ವಸ್ತು ಇದೆ. ಹಸಿರು ಕಂಡಿತೆಂದು ಕೊಟ್ಟಿಗೆ ಕಡೆ ಎಸೆಯುವ ಅಭ್ಯಾಸ ಇಲ್ಲಿ ಬೇಡ.

ಹೂ ಇನ್ನೂ ಚೆನ್ನಾಗಿದ್ದರೆ ಹೂದಾನಿಗೆ. ಬೆಳಗ್ಗೆ ಬೇಗ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಕಡ್ಡಿಯ ತುದಿಯನ್ನು ಪಟಿಕದ ಪುಡಿಗೆ ಅದ್ದಿ ನೀರಲ್ಲಿಡಿ. ಹೂ ಮಾರುವವರು ಮಾಡುವ ಉಪಾಯ ಇದು, ಬೇಗ ಜೋತುಬೀಳುವುದಿಲ್ಲ. ಆದರೂ ಬಿದ್ದರೆ ಗೊಂಚಲನ್ನು ಇಡಿಯಾಗಿ ಅರ್ಧ ಗಂಟೆ ತಣ್ಣೀರಲ್ಲಿ ಮುಳುಗಿಸಿ, ಆ ಹೂ ಮೈಯಿಂದಲೂ ನೀರು ಕುಡಿಯುತ್ತದೆ. ಒಣ ಹೂ ಬೇಕೆಂದರೆ ಮಾತ್ರ ಅವಸರ ಮಾಡಬೇಡಿ. ಗೊಂಚಲು ಗಿಡದ ಮೇಲೇ ಹಸಿರಾಗಿ, ಮುಟ್ಟಿದರೆ ಕಾಗದದಂತೆ ಸರಸರ ಅನ್ನುವ ತನಕ ಕಾಯಿರಿ. ಮಲೆನಾಡಿನ ಮಳೆಯಲ್ಲಿ ಅದು ಕಷ್ಟ, ಮಳೆ ಕಳೆದ ಮೇಲೆ ಅರಳಿದ ತಡವಾದ ಹೂಗಳೇ ಇದಕ್ಕೆ ಸರಿ.

ಇನ್ನು ಉಳಿದ ಕಡ್ಡಿಗಳು. ಹೂ ಬಿಡದ, ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕಡ್ಡಿ ಆರಿಸಿ, ಎರಡು ಮೂರು ಗೆಣ್ಣು ಇರುವಂತೆ 10ರಿಂದ 15 ಸೆಂಟಿಮೀಟರ್ ತುಂಡು ಮಾಡಿ. ಕೆಳಗಿನ ಎಲೆ ಪೂರ್ತಿ ತೆಗೆಯಿರಿ, ಮೇಲಿನ ಎಲೆಯನ್ನು ಅರ್ಧಕ್ಕೆ ಕತ್ತರಿಸಿ. ಮರಳು ಮತ್ತು ಎಲೆಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಒಂದು ಗೆಣ್ಣು ಮುಳುಗುವಂತೆ ಚುಚ್ಚಿ ನೆರಳಲ್ಲಿಡಿ. ಮಳೆಗಾಲದ ತೇವದಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ತುದಿಯಲ್ಲಿ ಎಲೆ ಚಿಗುರಿದ ಮಾತ್ರಕ್ಕೆ ಬೇರು ಬಂದಿದೆ ಅಂತಲ್ಲ. ಮೆಲ್ಲಗೆ ಎಳೆದಾಗ ಹಿಡಿದು ನಿಂತರೆ ಬೇರೆ ಪಾಟ್‌ಗೆ ಬದಲಿಸಿ. ದಿನಾ ಕಿತ್ತು ನೋಡುವವರ ಕೈಗೆ ಮಾತ್ರ ಈ ಕೆಲಸ ಕೊಡಬೇಡಿ.